ನಿಘಂಟಿಗೆ ಸೇರದ ವಾರಗಿತ್ತಿ

ಹೆಸರನ್ನು ಅಚ್ಚಿನಲ್ಲಿ ನೋಡಿಕೊಳ್ಳುವ ಚಪಲ ಯಾರನ್ನೂ ಬಿಟ್ಟಿಲ್ಲ. ನನಗಿಲ್ಲ ಎನ್ನುವವರು ಇನ್ನೂ ಅವಕಾಶ ಸಿಗದವರು, ಅಷ್ಟೆ. ನಮ್ಮ ಸೇಲಂನಲ್ಲಿ ಸಾಮಾನ್ಯರ ಹೆಸರು ಅಚ್ಚಾಗುವುದಕ್ಕೆ ದಾರಿಗಳು ಕಡಿಮೆ. ಮದುವೆಯ ಪತ್ರಿಕೆಯಲ್ಲಿ ಒಮ್ಮೆ ಬರುತ್ತದೆ. ಆಮೇಲೆ ನೆಂಟರಿಷ್ಟರ ಮನೆಯ ಶುಭಕಾರ್ಯಗಳಿಗೆ ಕಟ್ಟುವ ಫ್ಲೆಕ್ಸುಗಳಲ್ಲಿ, ಕೈಕಟ್ಟಿಕೊಂಡು ನಿಂತ ಫೋಟೋದ ಕೆಳಗೆ, ಆಗಾಗ ಬರುತ್ತದೆ. ಕೊನೆಗೊಮ್ಮೆ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸುವ ಶ್ರದ್ಧಾಂಜಲಿ ಪೋಸ್ಟರಿನಲ್ಲಿ ದೊಡ್ಡದಾಗಿಯೇ ಬರುತ್ತದೆ. ಆದರೆ ಅದನ್ನು ಓದಿ ಸಂತೋಷಪಡಲು ನಾವಿರುವುದಿಲ್ಲ. ನನ್ನ ಆಸೆ ಇವೆಲ್ಲಕ್ಕೂ ಮೀರಿದ್ದು. ಒಂದು ಇಂಗ್ಲಿಷ್ ನಿಘಂಟಿನ ಮೊದಲ ಪುಟಗಳಲ್ಲಿ, ಕೃತಜ್ಞತೆ ಹೇಳುವ ಜಾಗದಲ್ಲಿ, ಸೊಳ್ಳೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಾದರೂ ಸರಿ, 'ಸಲಹೆಗಾರರು: ವಿಶಾಲಾಕ್ಷಿ, ಸೇಲಂ' ಎಂದು ಬರಬೇಕು. ಇಂಥ ಆಸೆಯೂ ಇರುತ್ತದೆಯೇ ಎಂದು ನೀವು ಕೇಳಬಹುದು. ಇಂಗ್ಲಿಷ್ ಮೇಡಂ ಆಗಿ ನೋಡಿ, ಗೊತ್ತಾಗುತ್ತದೆ.

ನಾನು ಇಲ್ಲಿನ ಒಂದು ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ತವರು ಹೊಸೂರಿನ ಕಡೆ. ಅಲ್ಲಿ ಕನ್ನಡ ಶಾಲೆಗೆ ಹೋದದ್ದರಿಂದ ಇದನ್ನು ಬರೆಯುವಷ್ಟು ಅಕ್ಷರ ಬರುತ್ತದೆ. ಗಂಡನ ಮನೆ ಮೇಚೇರಿಯ ಪಕ್ಕ. ಅಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಒಬ್ಬರಿಗೂ ಓದಲು ಬರುವುದಿಲ್ಲ. ಓದು ತಮಿಳಿನಲ್ಲಿ, ಜಗಳ ಕನ್ನಡದಲ್ಲಿ, ಗತ್ತು ಇಂಗ್ಲಿಷಿನಲ್ಲಿ. ನನಗೆ ಅನ್ನ ಹಾಕುವುದು ಈ ಕೊನೆಯದಾದ್ದರಿಂದ ಅದರ ಮೇಲೆ ಭಕ್ತಿ ಸ್ವಲ್ಪ ಜಾಸ್ತಿ. ಹುಡುಗರು ರಜೆಚೀಟಿಯಲ್ಲಿ 'ಔಟ್ ಆಫ್ ಸ್ಟೇಷನ್' ಎಂದು ಬರೆದರೆ, ನಿಮ್ಮಪ್ಪ ಸ್ಟೇಷನ್ ಮಾಸ್ಟರಾ ಎಂದು ಕೇಳಿ ಇಡೀ ಕ್ಲಾಸನ್ನು ನಗಿಸುತ್ತೇನೆ. ನನ್ನದು ಅಪ್ಪಟ ಇಂಗ್ಲಿಷು ಎಂದು ಕಾಲೇಜಿನಲ್ಲಿ ಹೆಸರು. ಆ ಹೆಸರನ್ನು ಹಬ್ಬಿಸಿದವಳೂ ಹೆಚ್ಚಾಗಿ ನಾನೇ.

ನಾನು ನಂಬಿದ ನಿಘಂಟು ಲಂಡನ್ನಿನ ಕಡೆಯದು. ಅದರ ಹೆಸರು ಹೇಳುವುದಿಲ್ಲ. ಗಂಡನ ಹೆಸರನ್ನೇ ಬಾಯಲ್ಲಿ ಎತ್ತದ ಹೆಂಗಸರ ಊರಿಗೆ ಸೊಸೆಯಾಗಿ ಬಂದವಳು ನಾನು. ಈ ನಿಘಂಟು ಈಚೆಗೆ ಬಹಳ ಉದಾರವಾಗಿದೆ. ಆಸ್ಟ್ರೇಲಿಯಾದ ಇಂಗ್ಲಿಷು, ನೈಜೀರಿಯಾದ ಇಂಗ್ಲಿಷು, ಸಿಂಗಪುರದ ಇಂಗ್ಲಿಷು, ನಮ್ಮ ಇಂಗ್ಲಿಷು, ಎಲ್ಲರನ್ನೂ ಬನ್ನಿ ಬನ್ನಿ ಎಂದು ಒಳಗೆ ಕರೆಯುತ್ತಿದೆ. ಆದರೆ ಒಳಗೆ ಬರುವವರು ಕೊರಳಿಗೆ ಒಂದು ಚೀಟಿ ಕಟ್ಟಿಸಿಕೊಳ್ಳಬೇಕು: ಇದು ಆಸ್ಟ್ರೇಲಿಯಾದ್ದು, ಇದು ಇಂಡಿಯಾದ್ದು. ಲಂಡನ್ನಿನ ನಾಲ್ಕು ಬೀದಿಯವರು ಮಾತ್ರ ಆಡುವ ಮಾತಿಗೆ ಎಷ್ಟೋ ಸಲ ಚೀಟಿಯೇ ಇರುವುದಿಲ್ಲ. ಅವರು ಮನೆಯವರು, ನಾವು ಬಂದವರು. ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ನನೂ ಹೀಗೆಯೇ, ದಿನಾ ಬರುವ ಹಾಲಿನವನ ಹತ್ತಿರ ದಿನಾ ಸಹಿ ಹಾಕಿಸಿಕೊಳ್ಳುತ್ತಾನೆ.

ಚೀಟಿಯಾದರೂ ಸರಿಯಾಗಿ ಬರೆಯುತ್ತಾರೆಯೇ? ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲರಿಗೂ ಒಂದೇ. ಸೇಲಂನಿಂದ ಧರ್ಮಪುರಿಗೆ ಹೋಗುವಷ್ಟರಲ್ಲಿ ಸಾಂಬಾರಿನ ರುಚಿಯೇ ಬದಲಾಗುತ್ತದೆ, ಇಂಗ್ಲಿಷು ಬದಲಾಗದೆ ಇರುತ್ತದೆಯೇ? ಆ ನಿಘಂಟಿನ ವೆಬ್‌ಸೈಟಿನಲ್ಲಿ ಈಗ ಭಾರತೀಯ ಉಚ್ಚಾರಣೆಯನ್ನೂ ಕೇಳಬಹುದು. ಒತ್ತಿ ಕೇಳಿದೆ. ಟೀವಿಯಲ್ಲಿ ಬಜೆಟ್ ವಿವರಿಸುವ ದೆಹಲಿಯ ಹೆಂಗಸಿನ ಧ್ವನಿ. ಮೇಚೇರಿ ಸಂತೆಯಲ್ಲಿ ಆಕೆ ಹಾಗೆ ಮಾತಾಡಿದರೆ ಕುರಿ ಕೂಡ ತಿರುಗಿ ನೋಡುವುದಿಲ್ಲ. ಇನ್ನು ಒಳಗೆ ಸೇರಿಸಿಕೊಂಡಿರುವ ನಮ್ಮ ಪದಗಳು ಯಾವುವು? ಬಹುಪಾಲು ತಿನ್ನುವ ಸಾಮಾನು. ಇಡ್ಲಿ ಒಳಗಿದೆ, ದೋಸೆ ಒಳಗಿದೆ, ಚಟ್ನಿ ಯಾವತ್ತೋ ಹೋಗಿ ಕೂತಿದೆ. ಎಲೆಯಲ್ಲಿ ಬಡಿಸಿದ್ದೆಲ್ಲ ಒಳಗೆ, ಬಡಿಸಿದವಳು ಹೊರಗೆ. ಮನೆಗೆ ಬಂದ ನೆಂಟ ಊಟ ಮಾಡಿ ಕೈತೊಳೆದು, ಅಡುಗೆಮನೆಯಲ್ಲಿದ್ದವರು ಯಾರು ಎಂದು ಕೇಳದೆ ಹೊರಟಹಾಗೆ ಇದೆ ಈ ನಿಘಂಟಿನ ಉದಾರತನ.

ಅಡುಗೆಮನೆಯ ಮಾತು ಸುಮ್ಮನೆ ಬಂದದ್ದಲ್ಲ. ಒಂದು ಭಾನುವಾರ ನಿಘಂಟಿನಲ್ಲಿ ಅಡ್ಡಾಡುತ್ತಿದ್ದಾಗ 'ಕೋ-ಬ್ರದರ್' ಕಣ್ಣಿಗೆ ಬಿತ್ತು. ಹೆಂಡತಿಯ ಅಕ್ಕನ ಅಥವಾ ತಂಗಿಯ ಗಂಡ, ಇಂಡಿಯನ್ ಇಂಗ್ಲಿಷ್ ಎಂದು ಬರೆದಿತ್ತು. ಅಂದರೆ ನಮ್ಮ ಷಡ್ಡಕ ಸೂಟು ಹಾಕಿಕೊಂಡು ಒಳಗೆ ಹೋಗಿ ಕೂತುಬಿಟ್ಟಿದ್ದಾನೆ! ಹಾಗಾದರೆ ವಾರಗಿತ್ತಿ ಎಲ್ಲಿ? ಗಂಡನ ಅಣ್ಣನ ಹೆಂಡತಿಯನ್ನು, ತಮ್ಮನ ಹೆಂಡತಿಯನ್ನು ನಮ್ಮಲ್ಲಿ ಎಲ್ಲರೂ 'ಕೋ-ಸಿಸ್ಟರ್' ಎನ್ನುತ್ತಾರೆ. ಹುಡುಕಿದೆ. ಇಲ್ಲ. ಇದು ಯಾವ ನ್ಯಾಯ? ಷಡ್ಡಕರು ವರ್ಷಕ್ಕೆ ಎರಡು ಸಲ ಮಾವನ ಮನೆಯಲ್ಲಿ ಸೇರಿ, ಕೋಳಿಸಾರು ಉಂಡು, ಮಾವನನ್ನೇ ಆಡಿಕೊಂಡು ಹೊರಡುವವರು. ವಾರಗಿತ್ತಿಯರು ಒಂದೇ ಒಲೆ, ಒಂದೇ ಅತ್ತೆಯನ್ನು ಹಂಚಿಕೊಂಡು ಬಾಳುವವರು. ಎರಡು ಜಡೆ ಸೇರುವುದಿಲ್ಲ ಎಂಬ ನಮ್ಮ ಗಾದೆ ಲಂಡನ್ನಿಗೂ ಹೇಗೋ ಮುಟ್ಟಿರಬೇಕು ಎಂದುಕೊಂಡೆ. ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಆಸೆಯೂ ಬಂತು, ಏಕೆಂದರೆ ಅದೇ ಪುಟದ ಕೆಳಗೆ, ನಿಮ್ಮ ಕಡೆಯ ಇಂಗ್ಲಿಷ್ ಪದಗಳನ್ನು ನಮಗೆ ತಿಳಿಸಿ ಎಂಬ ಆಹ್ವಾನವಿತ್ತು.

ಮೇಲ್ ಬರೆದೆ. ಒಬ್ಬ ಸಂಪಾದಕಿ, ಧಾಟಿ ನೋಡಿದರೆ ಚಿಕ್ಕ ವಯಸ್ಸಿನ ಹುಡುಗಿ, ಬಹಳ ವಿನಯದಿಂದ ಉತ್ತರಿಸಿದಳು. ಪದ ಸ್ವಾರಸ್ಯವಾಗಿದೆ, ಆದರೆ ಸಾಕ್ಷಿ ಬೇಕು. ಬರೆದಿರಬೇಕು ಅಥವಾ ಅಚ್ಚಾಗಿರಬೇಕು, ತಾರೀಕಿರಬೇಕು, ಆ ಪದದ ಬಗ್ಗೆ ಚರ್ಚೆ ಮಾಡಿದ್ದಾಗಿರಬಾರದು, ಮಾತಿನ ನಡುವೆ ತಾನಾಗಿ ಬಂದಿರಬೇಕು. ನಮ್ಮ ಕೆಲಸಕ್ಕೆ ಹೀಗೆ ನೆರವಾಗುವ ವಿದ್ವಾಂಸರ ಹೆಸರನ್ನು ಸಲಹೆಗಾರರ ಪಟ್ಟಿಯಲ್ಲಿ ಸೇರಿಸುವುದುಂಟು ಎಂದೂ ಬರೆದಿದ್ದಳು. ವಿದ್ವಾಂಸರು! ಆ ಸಾಲನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಬ್ಯಾಂಕಿನಲ್ಲಿ ಮ್ಯಾನೇಜರು. "ಸಂಬಳ ಎಷ್ಟಂತೆ?" ಎಂದರು. ಇಂಥ ಗಂಡಸರಿಗೆ ನಿಘಂಟಿನಲ್ಲಿ ಕೋ-ಬ್ರದರ್ ಸಿಕ್ಕಿದ್ದೇ ಹೆಚ್ಚು.

ಸಾಕ್ಷಿಗಾಗಿ ಹುಡುಕಾಡಿದೆ. ಎಲ್ಲೂ ಸಿಗಲಿಲ್ಲ. ಬಾಯಿ ತೆರೆದರೆ ಕೋ-ಸಿಸ್ಟರ್ ಎನ್ನುವ ಈ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಒಬ್ಬರೂ ಅದನ್ನು ಬರೆದಿಟ್ಟಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಹಳೆಯ ಪೇಪರುಗಳ ಧೂಳು ಕುಡಿದು ಕೆಮ್ಮಿದ್ದೇ ಬಂತು. ಆಸ್ತಿ ಜಗಳದ ಸುದ್ದಿಯಲ್ಲಿ ಕೂಡ 'ಗಂಡನ ಅಣ್ಣನ ಹೆಂಡತಿ' ಎಂದು ಮೂರು ಪದ ಖರ್ಚು ಮಾಡಿ ಬರೆಯುತ್ತಾರೆ. ಬಾಯಲ್ಲಿರುವುದು ಅಚ್ಚಿಗೆ ಬರಲು ನಾಚಿಕೆ ನಮಗೆ. ಮನೆಯ ಕನ್ನಡವನ್ನೇ ಎಂದೂ ಬರೆಯದ ಜನ, ಇಂಗ್ಲಿಷನ್ನು ಮಾತಾಡಿದ ಹಾಗೆ ಬರೆಯುತ್ತಾರೆಯೇ?

ಈ ಗೋಳನ್ನು ನನ್ನ ಸ್ವಂತ ವಾರಗಿತ್ತಿಯ ಹತ್ತಿರ ತೋಡಿಕೊಂಡೆ. ಮಾದಕ್ಕ ನಮ್ಮ ಭಾವನ ಹೆಂಡತಿ, ಮೇಚೇರಿಯ ಮನೆಯಲ್ಲಿ ಹೊಲ, ಕುರಿ, ಮನೆಮಂದಿ ಎಲ್ಲವನ್ನೂ ಮೇಯಿಸುವವಳು. ನಮ್ಮಿಬ್ಬರ ನಡುವೆ ಅಂಥ ಮುದ್ದೇನೂ ಇಲ್ಲ. ಅವಳ ಕಣ್ಣಿಗೆ ನಾನು ಸೊಪ್ಪು ಬಿಡಿಸಲು ಬಾರದ ಟೌನಿನವಳು, ನನ್ನ ಕಣ್ಣಿಗೆ ಅವಳು ಫೋನಿನಲ್ಲಿ ಊರಿಗೆಲ್ಲ ಕೇಳುವಂತೆ ಕಿರುಚುವವಳು. ಆವತ್ತೂ ಮೊಮ್ಮಗನ ಕಿವಿ ಚುಚ್ಚಿಸುವ ಕಾರ್ಯಕ್ಕೆ ಕರೆಯಲು ಫೋನ್ ಮಾಡಿದ್ದಳು. ನಿಘಂಟಿನ ವಿಷಯ ಕೇಳಿದ್ದೇ ತಡ, ಅವಳ ದನಿ ಇಳಿಯಿತು. ಮಾದಕ್ಕನ ದನಿ ಇಳಿದದ್ದನ್ನು ನಾನು ಕೇಳಿದ್ದೇ ಅವತ್ತು.

"ಇಸಾಲು, ನಿಂಗೆ ಆಪರೇಸನ್ ಆದಾಗ ನಾನ್ ಬಂದಿದ್ನಲ್ಲಾ, ಗ್ಯಾಪ್ನ ಐತಾ?"

"ಇದೆ ಅಕ್ಕಾ, ಮರೆಯಕ್ಕಾಗತ್ತಾ?"

"ಆಸ್ಪತ್ರೇಲಿ ಕಂಪ್ಯೂಟರ್ ಮುಂದೆ ಕೂತಿದ್ ಉಡ್ಗಿ, 'ಪೇಷಂಟುಕ್ಕು ನೀಂಗ ಎನ್ನ ಉರವು', ಏನ್ ಸಮ್ಮಂದ ಅಂತ ಕೇಳುದ್ಲು. ಕೋ-ಸಿಸ್ಟರು ಅಂದೆ. ಅದು ಇದ್ರಲ್ಲಿ ಇಲ್ಲ ಅಜ್ಜಿ, ಸಿಸ್ಟರ್ ಐತೆ, ಮದರ್ ಐತೆ, ನೀವು ಅದ್ಯಾವ್ದೂ ಅಲ್ಲ ಅಂತ 'ಅದರ್ಸ್' ಅಂತ ಆಕ್ಬುಟ್ಲು. ಅದರ್ಸ್ನ ಒಳೀಕೆ ಬುಡಕಿಲ್ಲ ಅಂದ್ರು. ಗಂಜಿ ಪ್ಲಾಸ್ಕ್ ಇಟ್ಕೊಂಡು ದಿನಾ ಬಾಗ್ಲಾಗೇ ಕೂತಿದ್ನಮ್ಮಿ. ನಾನು ಅದರ್ಸಾ?"

ಗಂಜಿ ಒಳಗೆ ಬರುತ್ತಿತ್ತು. ತಂದವಳು ಹೊರಗೆ ಕೂತಿದ್ದಳೆಂಬುದು ನನಗೆ ಗೊತ್ತೇ ಇರಲಿಲ್ಲ. ಅವಳಿಗೆ ನಿಘಂಟು ಎಂದರೆ ಆ ಕಂಪ್ಯೂಟರಿಗೆ ಬುದ್ಧಿ ಹೇಳುವ ದೊಡ್ಡ ಪುಸ್ತಕ. ಅದರಲ್ಲಿ ಪದ ಬಂದರೆ ಇನ್ನು ಯಾವ ಹುಡುಗಿಯೂ ಯಾವ ವಾರಗಿತ್ತಿಯನ್ನೂ ಬಾಗಿಲಲ್ಲಿ ಕೂರಿಸುವಂತಿಲ್ಲ. "ಅಚ್ಚಾಗಿರ್ಬೇಕು, ತೇದಿ ಇರ್ಬೇಕು, ಅಷ್ಟೇ ತಾನೆ? ಸರಿ ಬುಡು, ವಿಸೇಸಕ್ಕೆ ಬಾ," ಎಂದು ಫೋನಿಟ್ಟಳು. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಮೇಚೇರಿಯ ತಿರುವಿನಲ್ಲಿ. ಬಸ್ಸಿಳಿದು ತಲೆ ಎತ್ತಿದರೆ ಎದುರಿಗೆ ನಾನೇ ಇದ್ದೆ, ಎರಡಾಳೆತ್ತರದ ಫ್ಲೆಕ್ಸಿನಲ್ಲಿ. ಪಕ್ಕದಲ್ಲಿ ಮಾದಕ್ಕ. ನನ್ನ ಕಾಲೇಜಿನ ಗುರುತಿನ ಚೀಟಿಯ ಫೋಟೋವನ್ನು ಎಲ್ಲಿಂದಲೋ ಹಿಡಿದು, ಮುಖಕ್ಕೆ ಗೋಧಿಹಿಟ್ಟಿನ ಬಣ್ಣ ಬಳಿಸಿದ್ದರು. ಹಿಂದೆ ಲಂಡನ್ನಿನ ಗಡಿಯಾರದ ಗೋಪುರ, ಅದರ ಬುಡದಲ್ಲಿ ಒಂದು ಟಗರು. ಮೇಲೆ ತಮಿಳಿನಲ್ಲಿ ಕಿವಿ ಚುಚ್ಚುವ ಕಾರ್ಯದ ವಿವರ, ಕೆಳಗೆ ಕುರಿಮರಿಯಷ್ಟು ದಪ್ಪದ ಇಂಗ್ಲಿಷ್ ಅಕ್ಷರದಲ್ಲಿ, 'ಕೋ-ಸಿಸ್ಟರ್ಸ್ ವೆಲ್ಕಮ್ ಯು'. ತಾರೀಕು ಎರಡೆರಡು ಕಡೆ. ಕನ್ನಡ ಮಾತ್ರ ಎಲ್ಲೂ ಇರಲಿಲ್ಲ; ಅದನ್ನು ಯಾರು ಕೇಳಿದರು? ಮನೆ ತಲುಪುವವರೆಗೆ ಇಂಥವು ಇನ್ನೂ ನಾಲ್ಕು ಸಿಕ್ಕವು. ಟೀ ಅಂಗಡಿಯವನು ನನ್ನನ್ನೂ ಫ್ಲೆಕ್ಸನ್ನೂ ಸರದಿಯಂತೆ ನೋಡಿ, ಫ್ಲೆಕ್ಸೇ ವಾಸಿ ಎಂಬ ಮುಖ ಮಾಡಿದ.

ಮಾದಕ್ಕ ಬಾಗಿಲಲ್ಲೇ ಎದುರಾದಳು. "ಎಂಗೈತೆ ಸಾಕ್ಷಿ? ಪೋಟೋ ಇಡ್ಕೊಂಡು ಇವತ್ತೇ ಕಳ್ಸು." ಇದು ತಾನಾಗಿ ಬಂದ ಸಾಕ್ಷಿಯಲ್ಲ, ಬೇಕೆಂದೇ ಮಾಡಿಸಿದ್ದು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಅಷ್ಟರಲ್ಲಿ ಚಪ್ಪರದೊಳಗೆ ಗಲಾಟೆ ಎದ್ದಿತು. ನಮ್ಮಲ್ಲಿ ಕಿವಿ ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ, ಇಲ್ಲಿನ ಮಾತಿನಲ್ಲಿ ತಾಯಿಮಾಮನ, ತೊಡೆಯ ಮೇಲೆ. ಆವತ್ತು ಅವನೇ ರಾಜ. ಮಗುವಿನ ತಾಯಿಯ ಅಣ್ಣ ಮುರುಗೇಶ, ಎಡಪ್ಪಾಡಿಯಲ್ಲಿ ಕೈಮಗ್ಗ ಇಟ್ಟುಕೊಂಡವನು, ಬಟ್ಟೆ ಹಣ್ಣುಗಳ ತಟ್ಟೆ ಹೊರಿಸಿಕೊಂಡು ವಾಲಗದೊಂದಿಗೆ ಬಂದಿದ್ದ. ಬಂದು ನೋಡಿದರೆ ಅವನ ಫೋಟೋ ಫ್ಲೆಕ್ಸಿನ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟಿತ್ತು. ಅವನು ತೊಡೆ ಕೊಡುವುದಿಲ್ಲ ಎಂದು ನಿಂತುಬಿಟ್ಟ.

"ಮಡಿಲು ನಂದು, ಪ್ಲೆಕ್ಸು ಇವರ್ದಾ? ಈ ಕೋ-ಸಿಸ್ಟ್ರು ಮಡಿಲಲ್ಲೇ ಕೂರ್ಸಿ ಚುಚ್ಸಿ!"

ಆಚಾರಿ ಸೂಜಿ ಹಿಡಿದು ಕಾಯುತ್ತಿದ್ದ. ಮಗು ಎಲ್ಲಕ್ಕೂ ಮುಂಚೆಯೇ ಅಳಲು ಶುರುಮಾಡಿತ್ತು. ಭಾವ ಟವೆಲ್ಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದರು. ಕಷ್ಟ ಬಂದಾಗ ಅವರು ಮಾಡುವುದು ಅದೊಂದೇ. ಕೊನೆಗೆ ವಿದ್ವಾಂಸೆಯಾದ ನಾನೇ ಹೋಗಿ ಮುರುಗೇಶನಿಗೆ ನಿಘಂಟಿನ ವಿಷಯ ವಿವರಿಸಿದೆ. ಅವನು ಗಮನವಿಟ್ಟು ಕೇಳಿ, "ಸರಿ ಟೀಚರಮ್ಮ, ತಾಯಿಮಾಮನಿಗೆ ಆ ಬುಕ್ಕಲ್ಲಿ ಏನ್ ಬರ್ದವ್ರೆ?" ಎಂದ.

"ಅಂಕಲ್ ಅಂತಿದೆ."

"ಅಂಕಲ್ಲಾ? ಗ್ಯಾಸ್ ಸಿಲಿಂಡರ್ ತರೋನೂ ಅಂಕಲ್ಲು, ವ್ಯಾನ್ ಡ್ರೈವರೂ ಅಂಕಲ್ಲು. ಅವರ್ ಮಡಿಲಲ್ಲಿ ಕೂರ್ಸಿ ಕಿವಿ ಚುಚ್ತಾರಾ? ಎನ್ನಂಗ ಇದು, ಓದ್ದೋರು ಬರ್ದಿರೋ ಬುಕ್ಕಾ?"

ಇದಕ್ಕೆ ಲಂಡನ್ನೇ ಉತ್ತರ ಹೇಳಬೇಕು. ಮುಂದಿನ ಹೋರಾಟ ತಾಯಿಮಾಮನಿಗಾಗಿಯೇ ಎಂದು ಮಾತು ಕೊಟ್ಟೆ. ಮುರುಗೇಶ ತೊಡೆ ಕೊಟ್ಟ. ಮಗು ಕೇರಿಗೆಲ್ಲ ಕೇಳುವಂತೆ ಕಿರುಚಿತು, ಅಜ್ಜಿಯದೇ ಗಂಟಲು. ನಾನು ಬಿರಿಯಾನಿಯ ಪಂಕ್ತಿಯಲ್ಲಿ ಜಾಗ ಹಿಡಿದು ಕೂತು, ಎಡಗೈಯಲ್ಲೇ ಸಂಪಾದಕಿಗೆ ಫ್ಲೆಕ್ಸಿನ ಫೋಟೋ ಕಳಿಸಿ, ಜೊತೆಗೆ ನಾಲ್ಕು ಸಾಲು ಗೀಚಿದೆ. ಸಾಮಾನ್ಯವಾಗಿ ನಾನು ಅವಳಿಗೆ ಬರೆಯುವಾಗ ಮೂರು ಸಲ ತಿದ್ದುತ್ತೇನೆ. ಆವತ್ತು ಎಲೆಗೆ ಮಾಂಸ ಬೀಳುತ್ತಿತ್ತು.

ವಾರ ಕಳೆದ ಮೇಲೆ ಉತ್ತರ ಬಂತು. ಫ್ಲೆಕ್ಸು ಬಹಳ ಚೆನ್ನಾಗಿದೆಯಂತೆ, ಆಫೀಸಿನ ಗೋಡೆಗೆ ಅಂಟಿಸಿಕೊಂಡಿದ್ದಾರಂತೆ. ಆದರೆ ನಿಘಂಟಿಗೆ ತೋರಿಸಲೆಂದೇ ಮಾಡಿಸಿದ್ದು ಸಾಕ್ಷಿಯಾಗುವುದಿಲ್ಲವಂತೆ. ಮುಂದೆ ಓದಿದೆ. ಫೋಟೋದ ಜೊತೆಗೆ ನೀವು ಬರೆದ ಸಾಲೇ ನಮಗೆ ಬೇಕಾದದ್ದು ಎಂದು ಬರೆದಿದ್ದಳು. ನಾನು ಬರೆದದ್ದು: 'ಮೈ ಓನ್ ಕೋ-ಸಿಸ್ಟರ್ ಈಸ್ ಹ್ಯಾವಿಂಗ್ ಒನ್ ಫಂಕ್ಷನ್, ಸೋ ಕೈಂಡ್ಲಿ ಅಡ್ಜಸ್ಟ್ ಫಾರ್ ಡಿಲೇ.' ತಾರೀಕಿದೆ, ತಾನಾಗಿ ಬಂದಿದೆ, ಯಾವ ಕೃತಕತೆಯೂ ಇಲ್ಲ. ಬೇರೆಡೆ ಸಿಕ್ಕ ಒಂದೆರಡು ಸಣ್ಣ ಸಾಕ್ಷಿಗಳ ಜೊತೆ ಇದು ಸೇರಿದರೆ ಪದ ಒಳಗೆ ಬಂದಹಾಗೆಯೇ. ಅಷ್ಟೇ ಅಲ್ಲ, ನನ್ನ ಎಲ್ಲ ಮೇಲುಗಳೂ ಭಾರತೀಯ ಇಂಗ್ಲಿಷಿನ ಅಮೂಲ್ಯ ಮಾದರಿಗಳಾಗಿವೆ, ಅವನ್ನೆಲ್ಲ ಬಳಸಿಕೊಳ್ಳಲು ಒಪ್ಪಿಗೆ ಕೊಡುವಿರಾ ಎಂದು ಕೇಳಿದ್ದಳು. ಒಂದೇ ಒಂದು ತೊಡಕು. ಸಾಕ್ಷಿ ಹೇಳುವವರೇ ತೀರ್ಪು ಕೊಡುವ ಜಾಗದಲ್ಲಿ ಕೂರುವಂತಿಲ್ಲ. ಒಪ್ಪಿದರೆ ಸಲಹೆಗಾರರ ಪಟ್ಟಿಯಲ್ಲಿ ನನ್ನ ಹೆಸರು ಬರುವುದಿಲ್ಲ. ಪದದ ಕೆಳಗೆ 'ಖಾಸಗಿ ಪತ್ರ, ಸೇಲಂ' ಎಂದಷ್ಟೇ ಇರುತ್ತದೆ.

ಅಪ್ಪಟ ಇಂಗ್ಲಿಷಿನವಳಾದ ನನ್ನನ್ನು ಗಾಜಿನ ಸೀಸೆಯಲ್ಲಿ ಹಾಕಿಡಲು ಹೊರಟಿದ್ದಾರೆ! ನಾನು ಅವರಿಗೆ ಚಿಟ್ಟೆ ಹಿಡಿದುಕೊಡಲು ಹೋದವಳು, ಅವರು ನನ್ನ ರೆಕ್ಕೆಗೇ ಗುಂಡುಸೂಜಿ ಚುಚ್ಚಲು ನೋಡುತ್ತಿದ್ದರು. ಯಜಮಾನರು ಪತ್ರ ಓದಿ, "ವಿಡು ಮಾ, ಬಿಟ್ಟುಹಾಕು, ಅಮೂಲ್ಯ ಅಂತ ಬರೆದಿದ್ದಾಳಲ್ಲ, ನಾನು ಯಾವತ್ತಾದರೂ ಅಂದಿದ್ದೀನಾ?" ಎಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಹೆಸರೋ ಪದವೋ ಎಂದು ಒಳಗೊಳಗೇ ತೂಗುತ್ತಿದ್ದೆ. ನಿಜ ಹೇಳಿಬಿಡುತ್ತೇನೆ, ತಕ್ಕಡಿ ಹೆಸರಿನ ಕಡೆಗೇ ಇಳಿಯುತ್ತಿತ್ತು. ಪದ ಇಂದಲ್ಲ ನಾಳೆ ಬರುತ್ತದೆ, ನನ್ನ ಹೆಸರನ್ನು ಇನ್ಯಾರು ಕರೆಯುತ್ತಾರೆ?

ಮೂರನೆಯ ದಿನ ಮಾದಕ್ಕನ ಫೋನು.

"ಏನಮ್ಮಿ, ಬಂತಾ?"

"ಬರೋ ಹಾಗಿದೆ ಅಕ್ಕಾ. ಆದರೆ ನನ್ನ ಹೆಸರು ಬರಲ್ಲವಂತೆ."

"ನಿನ್ನೆಸ್ರು ಯಾತಕ್ಕೆ? ನಿನ್ನೆಸ್ರು ರೇಷನ್ ಕಾರ್ಡಲ್ಲಿ ಐತಲ್ಲಾ. ನಮ್ ಸಮ್ಮಂದ ಬತ್ತದೋ ಇಲ್ವೋ ಅದ್ನ ಯೋಳು. ನಾನಾಗ್ಲೇ ಸಂತೇಲೆಲ್ಲಾ ಯೋಳ್ಬುಟ್ಟಿವ್ನಿ, ನಾನೂ ನಮ್ ಇಸಾಲೂ ಇಂಗ್ಲೀಸ್ ಬುಕ್ಕಲ್ಲಿ ಒಟ್ಗೆ ಇದ್ದೀವಿ ಅಂತ."

ನಮ್ ಇಸಾಲು. ಇಷ್ಟು ವರ್ಷದಲ್ಲಿ ಅವಳು ನನ್ನನ್ನು 'ನಮ್' ಎಂದದ್ದು ಅದೇ ಮೊದಲು. ಬತ್ತದೆ ಅಕ್ಕಾ, ಬಂದೇ ಬತ್ತದೆ, ಎಂದು ಅವಳ ಮಾತಿನಲ್ಲೇ ಹೇಳಿ ಫೋನಿಟ್ಟೆ.

ಅಂದೇ ಕೂತು ಒಪ್ಪಿಗೆಯ ಪತ್ರ ಬರೆದೆ. ಪದಕ್ಕಾಗಿ ನನ್ನ ಹೆಸರನ್ನು ಬಿಟ್ಟುಕೊಡುತ್ತಿದ್ದೇನೆ, ಆದರೆ ಆ ಸಾಲುಗಳು ಊಟದ ಅವಸರದಲ್ಲಿ ಬರೆದವು; ನಾನು ದಿನನಿತ್ಯ ಬಳಸುವುದು ಶುದ್ಧವಾದ ಇಂಗ್ಲಿಷು, ನಿಮ್ಮ ಕಡತದಲ್ಲಿ ಇದನ್ನು ಸ್ಪಷ್ಟವಾಗಿ ನಮೂದಿಸಬೇಕು ಎಂದು ಖಾರವಾಗಿಯೇ ಬರೆದೆ. ಒಂದೊಂದು ಪದವನ್ನೂ ಅವರದೇ ನಿಘಂಟಿನಲ್ಲಿ ನೋಡಿ, ಕಾಲೇಜಿನಲ್ಲಿ ಎರಡು ಸಲ ಜೋರಾಗಿ ಓದಿ ಕಳಿಸಿದೆ.

ಮಾರನೆಯ ದಿನವೇ ಆ ಹುಡುಗಿಯ ಉತ್ತರ. ಕೋ-ಸಿಸ್ಟರ್ ಸೇರುತ್ತದೆ, ಇಂಡಿಯನ್ ಇಂಗ್ಲಿಷ್ ಎಂಬ ಚೀಟಿಯೊಂದಿಗೆ. ನನ್ನ ಮನಸ್ಸು ನೋಯಿಸಿದ್ದಕ್ಕೆ ಕ್ಷಮೆ ಕೇಳಿದ್ದಳು. ಕೊನೆಯಲ್ಲಿ ಬಹಳ ಸಂಕೋಚದಿಂದ, ಈ ಪತ್ರವನ್ನೂ ಬಳಸಿಕೊಳ್ಳಬಹುದೇ ಎಂದು ಕೇಳಿದ್ದಳು. ಮಾದರಿಯಾಗಿ ಹಿಂದಿನವೆಲ್ಲಕ್ಕಿಂತ ಇದೇ ಶ್ರೀಮಂತವಾಗಿದೆಯಂತೆ.

ಈ ಸಲ ನಾನು ಲೇಖನಿ ಮುಟ್ಟಲಿಲ್ಲ. ಯಜಮಾನರ ಜೊತೆ ಮಾತು ಶುರುಮಾಡಿ, ಒಪ್ಪಿಗೆ ಇದೆಯೆಂದು ಅವರ ಕೈಯಲ್ಲೇ ಬರೆಸಿದೆ. ಬ್ಯಾಂಕಿನ ಇಂಗ್ಲಿಷಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆ ಇಲ್ಲದ್ದರಿಂದ, ಕಳಿಸುವ ಮೊದಲು ಕನ್ನಡಕ ಹಾಕಿಕೊಂಡು ತಿದ್ದಲು ಕೂತೆ. 'ಮೈ ವೈಫ್ ಈಸ್ ಹ್ಯಾವಿಂಗ್ ನೋ ಅಬ್ಜೆಕ್ಷನ್, ಕೈಂಡ್ಲಿ ಡೂ ದ ನೀಡ್‌ಫುಲ್' ಎಂದು ಬರೆದಿದ್ದರು. ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದೆ. ತಿದ್ದುವಂಥದ್ದು ಒಂದೂ ಕಾಣಲಿಲ್ಲ.